ಮುಖವಿಲ್ಲದ ಸವತಿ

ಮಂಜೂರ್ ಭಾಯಿ ನಾಣ್ಯವನ್ನು ಮೂಸಿ ನೋಡಿದರು. ಐವತ್ತು ವರ್ಷ ಬಿದರಿ ಕೆಲಸ ಮಾಡಿದ ಮನುಷ್ಯ ಕಣ್ಣಿಗಿಂತ ಮೂಗನ್ನು ಹೆಚ್ಚು ನಂಬಿದರೆ ಬೇಡವೆನ್ನಲು ನಾನು ಯಾರು?

"ಮೇಡಂ, ಇದು ಬೆಳ್ಳಿ ಅಲ್ಲರೀ," ಎಂದರು. "ಜಸ್ತ."

ನಕಲಿ ಎಂಬುದು ಸೋಮವಾರದಿಂದ ಊರಿಗೆಲ್ಲ ಗೊತ್ತಿತ್ತು. ಪ್ರೊಫೆಸರ್ ಮಾಣಿಕಪ್ಪನವರ ಪುಸ್ತಕ ಬಿಡುಗಡೆಯ ದಿನ ವೇದಿಕೆಯ ಮೇಲೆ ಡಬ್ಬಿ ತೆರೆದಾಗ, ಅವರು ಒಳಗಿನ ಕರಿ ಬಿಲ್ಲೆಯನ್ನು ಕೈಯಲ್ಲಿ ಹಿಡಿದು, "ಇದು ನನ್ನ ರಾಣಿಯದಲ್ಲ" ಎಂದು ಮೈಕಿನಲ್ಲೇ ಹೇಳಿ ಕುಸಿದು ಕೂತಿದ್ದರು. ಶನಿವಾರ ಆ ಡಬ್ಬಿಯನ್ನು ಕಮಲಾಪುರದ ಅವರ ಮನೆಯಿಂದ ಕಲಬುರಗಿಗೆ ತಂದವಳು ಅವರ ಶಿಷ್ಯೆ ಅಂಬರೀನ್. ಅಂಬರೀನ್ ಈ ಮಂಜೂರ್ ಭಾಯಿಯ ತಂಗಿಯ ಮಗಳು. ಕಳ್ಳಿ ಯಾರೆಂದು ತೀರ್ಮಾನಿಸಲು ಜನರಿಗೆ ಇಷ್ಟು ಸಾಕಾಯಿತು.

ಆದರೆ ನಕಲಿ ಯಾವ ಲೋಹದ್ದು ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಭಾಯಿ ಒಂದು ಅರ್ಧ ಮುಗಿದ ತಟ್ಟೆಯನ್ನು ನನ್ನ ಮುಂದೆ ಸರಿಸಿ ತೋರಿಸಿದರು. ತಟ್ಟೆ ಜಸ್ತದ್ದು, ಅಂದರೆ ಸತುವಿನದು, ಅದರಲ್ಲಿ ಬೆಳ್ಳಿ ತಂತಿಯ ಹೂಬಳ್ಳಿ. ಕೋಟೆಯ ಹಳೇ ಮಣ್ಣಿಗೆ ನವಸಾಗರ ಕಲಸಿ ಬಿಸಿಬಿಸಿ ಉಜ್ಜಿದರೆ ಜಸ್ತ ಕಾಡಿಗೆಯ ಹಾಗೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿದರಿಯ ಗುಟ್ಟೇ ಅಷ್ಟಂತೆ. ಈ ನಾಣ್ಯದ ಮೇಲಿರುವುದು ಆ ಮಣ್ಣಿನ ಕಪ್ಪು, ಹಾಗಾಗಿ ಒಳಗೆ ಬೆಳ್ಳಿ ಇರಲು ಸಾಧ್ಯವೇ ಇಲ್ಲ ಎಂದರು.

"ಇದನ್ನ ಯಾರು ಮಾಡ್ಯಾರ, ಭಾಯಿ?"

ಅವರು ಬಾಗಿಲ ಕಡೆ ನೋಡಿದರು. ಕಲಬುರಗಿಯ ಮೋಮಿನಪುರದ ಓಣಿಯಲ್ಲಿ ತರಕಾರಿಯವನು ಕೂಗುತ್ತಾ ಹೋದ. ಅವನು ದಾಟುವ ತನಕ ಕಾದು ಹೇಳಿದರು.

"ನಾನೇ ಮಾಡೀನ್ರಿ."

ಮೂವತ್ತೆರಡು ವರ್ಷದ ಪೊಲೀಸ್ ಸರ್ವೀಸಿನಲ್ಲಿ ನಾನು ಬೇಕಾದಷ್ಟು ತಪ್ಪೊಪ್ಪಿಗೆ ಕೇಳಿದ್ದೇನೆ. ಇಷ್ಟು ಮೆಲ್ಲಗೆ ಹೇಳಿದ್ದನ್ನು ಕೇಳಿರಲಿಲ್ಲ.

ಹೋದ ದೀಪಾವಳಿ ಮುಗಿದ ವಾರ ಒಬ್ಬ ಹೆಂಗಸು ಬಂದಿದ್ದಳಂತೆ. ವಯಸ್ಸಾದವಳು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಚೀಲದಲ್ಲಿ ಕೆಂಪು ಬಾಳೆಹಣ್ಣು. ಥಳಥಳ ಹೊಳೆಯುವ ಒಂದು ಹಳೇ ಬೆಳ್ಳಿ ನಾಣ್ಯ ಕೊಟ್ಟು, ಇದನ್ನು ಮೊದಲಿನ ಹಾಗೆ ಕಪ್ಪು ಮಾಡಿಕೊಡಿ ಅಂದಳಂತೆ. ನಮ್ಮ ಮಣ್ಣು ಬೆಳ್ಳಿಗೆ ಹತ್ತುವುದಿಲ್ಲ ಎಂದಾಗ ಅಳುವುದೊಂದು ಬಾಕಿ. ಕಡೆಗೆ, ಇಂಥದೇ ಒಂದು ಕಪ್ಪನೆಯದು ಮಾಡಿಕೊಡಿ, ಯಾರಿಗೂ ಹೇಳಬೇಡಿ, ಮನೆಯಲ್ಲಿ ಜಗಳವಾಗುತ್ತದೆ ಎಂದು ಕೈಮುಗಿದಳು. ಭಾಯಿ ಮರಳಚ್ಚಿನಲ್ಲಿ ಎರಕ ಹೊಯ್ದು ಕೊಟ್ಟರು. ಅವಳು ಕೊಟ್ಟ ಅರ್ಧ ಡಜನ್ ಹಣ್ಣು ತೆಗೆದುಕೊಂಡು ಮಾತೂ ಕೊಟ್ಟರು.

ಹಾಗಾದರೆ ಮೂರು ದಿನದಿಂದ ಬಾಯಿಗೆ ಬೀಗ ಯಾಕೆ ಹಾಕಿಕೊಂಡಿದ್ದಿರಿ ಎಂದು ನಾನು ರೇಗಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ತಡ.

"ನಾ ಮಾಡೀನಿ ಅಂದ್ರ ಕೂಸಿಗೇ ಗಂಟು ಬೀಳತದರೀ," ಎಂದರು. "ಮಾಮೂ ಮಾಡಿಕೊಟ್ಟ, ಭಾಂಜಿ ಬದಲಿ ಮಾಡಿ ಇಟ್ಟಳು ಅಂತಾರ. ನನ್ನ ಸಾಕ್ಷಿ ಯಾರು ನಂಬ್ತಾರ?"

ಯಾರೂ ನಂಬುವುದಿಲ್ಲ. ಅದು ನನಗೂ ಗೊತ್ತಿತ್ತು.

ಅಂದು ಗುರುವಾರ. ಸಂಜೆ ಐದರೊಳಗೆ ಅಸಲಿ ನಾಣ್ಯ ಸಿಗದಿದ್ದರೆ ಕಾಲೇಜಿನವರು ದೂರು ಕೊಡುವವರಿದ್ದರು. ಅಂಬರೀನಳ ಹೆಸರು ಮ್ಯೂಸಿಯಂ ಕೆಲಸದ ಆಯ್ಕೆ ಪಟ್ಟಿಯಲ್ಲಿತ್ತು, ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಎಫ್‌ಐಆರ್ ಆಯಿತೆಂದರೆ ಆ ಹುಡುಗಿಯ ಏಳು ವರ್ಷದ ಓದು ಮಣ್ಣುಪಾಲು. ಅದಕ್ಕೇ ಮಾಣಿಕಪ್ಪನವರು, ಪೊಲೀಸರಿಗಿಂತ ಮುಂಚೆ ನೀವೊಮ್ಮೆ ನೋಡಿ ಶಿವಕಾಂತಮ್ಮ ಎಂದು ನನ್ನನ್ನು ಕರೆದು ಡಬ್ಬಿಯನ್ನು ಕೈಗೆ ಕೊಟ್ಟಿದ್ದರು. ಅವರ ಮಗಳು ಮಾಯಾಗೆ ಅದು ಹಿಡಿಸಿರಲಿಲ್ಲ.

ನಾಣ್ಯದ ಡಬ್ಬಿಯನ್ನು ತಿರುಗಿಸಿ ನೋಡಿದೆ. ಅಂಬರೀನ್ ಗುರುಗಳಿಗೆ ಕಾಣಿಕೆ ಕೊಟ್ಟ ಬಿದರಿ ಡಬ್ಬಿ ಅದು. ತಳದಲ್ಲಿ ಭಾಯಿಯ ಹೆಸರು, ಓಣಿ, ಎಲ್ಲ ಕೆತ್ತಿತ್ತು. ಆ ಹೆಂಗಸಿಗೆ ವಿಳಾಸ ಎಲ್ಲಿ ಸಿಕ್ಕಿತೆಂದು ಬೇರೆ ಕೇಳಬೇಕಾಗಲಿಲ್ಲ.

*

ಕಮಲಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪ್ರೊಫೆಸರರ ಪುಸ್ತಕ ಚೀಲದಲ್ಲೇ ಇತ್ತು. ಮೊದಲ ಹಾಳೆಯಲ್ಲಿ, "ನನ್ನ ಮಾನಸಪುತ್ರಿ ಅಂಬರೀನಳಿಗೆ" ಎಂದು ಅರ್ಪಣೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳೊಬ್ಬಳು ಇರುವಾಗ ಹೀಗೆ ಅಚ್ಚು ಹಾಕಿಸಲು ಪ್ರೊಫೆಸರೇ ಆಗಬೇಕು. ಓದಿದವರಿಗೆ ಲೋಕಜ್ಞಾನ ಕಡಿಮೆ.

ಪುಸ್ತಕ ಪೈಥೋಡೋರಿಸ್ ಎಂಬ ರಾಣಿಯದು. ಎರಡು ಸಾವಿರ ವರ್ಷದ ಹಿಂದೆ ಕಪ್ಪು ಸಮುದ್ರದ ದಂಡೆಯ ಪಾಂಟಸ್ ಎಂಬ ರಾಜ್ಯವನ್ನು ಆಳಿದವಳು. ಗಂಡ ಯುದ್ಧದಲ್ಲಿ ಸತ್ತ ಮೇಲೆ ಗದ್ದುಗೆ ಏರಿದಳು, ಹತ್ತಾರು ವರ್ಷ ಗಟ್ಟಿಯಾಗಿ ಆಳಿದಳು. ಆದರೂ ರೋಮಿನ ಕೈಕೆಳಗಿನ ರಾಣಿ. ಅಲ್ಲಿನ ಚಕ್ರವರ್ತಿ ಹೂಂ ಅಂದರೆ ಉಂಟು, ಊಹೂಂ ಅಂದರೆ ಇಲ್ಲ. ಅವಳ ನಾಣ್ಯದ ಚಿತ್ರವೂ ಇತ್ತು. ಒಂದು ಬದಿ ಚಕ್ರವರ್ತಿಯ ತಲೆ, ಇನ್ನೊಂದು ಬದಿ ಮೀನಿನ ಬಾಲದ ಆಡು, ಅದರ ಸುತ್ತ ರಾಣಿಯ ಹೆಸರು. ಹೈದರಾಬಾದಿನ ಒಬ್ಬ ಹಿರಿಯ ಸಂಗ್ರಾಹಕರು ಸಾಯುವ ಮುಂಚೆ ಪ್ರೊಫೆಸರರಿಗೆ ಕೊಟ್ಟ ನಾಣ್ಯವದು. ಅಂದಿನಿಂದ ಈ ಮನುಷ್ಯ ಆ ರಾಣಿಯ ಧ್ಯಾನದಲ್ಲೇ ಬದುಕಿದ್ದರು.

ಹೊಟ್ಟೆಕಿಚ್ಚಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ಜೊತೆಗೇ ಕಾನ್‌ಸ್ಟೇಬಲ್ ಆಗಿ ಸೇರಿದ ಯಶವಂತ ಇನ್‌ಸ್ಪೆಕ್ಟರ್ ಆಗಿ ರಿಟೈರಾದ, ನಾನು ಎ.ಎಸ್.ಐ. ಆಗಿ. ಇವತ್ತಿಗೂ ಅವನ ಫೋಟೋ ಪೇಪರಿನಲ್ಲಿ ಬಂದರೆ ಆ ಹಾಳೆಯಲ್ಲೇ ಮಿರ್ಚಿ ಭಜಿಯ ಎಣ್ಣೆ ಹಿಂಡುತ್ತೇನೆ. ಆದ್ದರಿಂದ ಹೇಳುತ್ತೇನೆ: ಸತ್ತವರ ಮೇಲಿನ ಹೊಟ್ಟೆಕಿಚ್ಚು ಬಹಳ ಕೆಟ್ಟದ್ದು. ಅವರು ತಪ್ಪು ಮಾಡುವುದಿಲ್ಲ, ಮುಪ್ಪಾಗುವುದಿಲ್ಲ. ಅವರ ಜೊತೆ ಜಗಳಕ್ಕೂ ದಾರಿಯಿಲ್ಲ.

ಪ್ರೊಫೆಸರರ ಹೆಂಡತಿ ಸೂಗಮ್ಮ ಆ ರಾಣಿಯನ್ನು "ನನ್ನ ಸವತಿ" ಎಂದೇ ಕರೆಯುತ್ತಿದ್ದಳಂತೆ. ಪ್ರೊಫೆಸರರು ಅದನ್ನು ನಗುತ್ತಾ ಹೇಳಿದ್ದರು. ನಾನೂ ಆಗ ನಕ್ಕಿದ್ದೆ.

*

ಸೂಗಮ್ಮ ಹಿತ್ತಲಲ್ಲಿ ಬೆಳ್ಳಿ ಸಾಮಾನು ತೊಳೆಯುತ್ತಿದ್ದರು. ಮರುದಿನ ಶುಕ್ರವಾರ. ದೀಪದ ಸಮೆ, ಆರತಿ ತಟ್ಟೆ, ಕುಂಕುಮದ ಬಟ್ಟಲು ಸಾಲಾಗಿದ್ದವು. ಒಂದೊಂದಕ್ಕೂ ಮೊದಲು ಹುಣಸೆಹುಳಿ, ಆಮೇಲೆ ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿ ತಿಕ್ಕುವುದು. ನಮ್ಮ ಮನೆಯಲ್ಲೂ ಹೀಗೇ. ವಿಭೂತಿಯಿಂದ ತಿಕ್ಕಿದ ಬೆಳ್ಳಿಗೆ ಬರುವ ಹೊಳಪು ಯಾವ ಅಂಗಡಿಯ ಪುಡಿಗೂ ಬರುವುದಿಲ್ಲ. ಹಿಂದೆ ಬಾಳೆಯ ತೋಟ, ಗಾಳಿಗೆ ಎಲೆಗಳ ಸದ್ದು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪ್ರೊಫೆಸರರು ಸೋಮವಾರದಿಂದ ಕಲಬುರಗಿಯಲ್ಲಿ ಮಗಳ ಮನೆಯಲ್ಲಿ ಮಲಗಿದ್ದರು, ಬಿಪಿ ಏರಿತ್ತು.

ಒಳಗೆ ಬರುವಾಗ ನಾನೊಂದು ನೋಡಿಕೊಂಡೇ ಬಂದಿದ್ದೆ. ಟೀಪಾಯಿ ಮೇಲೆ ಅದೇ ಪುಸ್ತಕ ಇತ್ತು. ಅದರಲ್ಲಿ ಅರ್ಪಣೆಯ ಹಾಳೆ ಇರಲಿಲ್ಲ. ಬ್ಲೇಡಿನಿಂದ ಬುಡಕ್ಕೇ ಕೊಯ್ದಿದ್ದರು. ಇದು ಸೂಗಮ್ಮನದೇ ಕೆಲಸ ಎಂದು ಮನಸ್ಸಿನಲ್ಲಿ ಬರೆದುಕೊಂಡೆ.

ಮಾತು ಸುತ್ತಿ ಬಳಸುವುದು ನನಗೆ ಬರುವುದಿಲ್ಲ. ನಕಲಿ ನಾಣ್ಯ ತೆಗೆದು ಅವರ ತಟ್ಟೆಯ ಅಂಚಿಗೆ ಇಟ್ಟು, ಇದನ್ನೂ ಒಂದು ಕೈ ತೊಳೆಯಿರಿ ಎಂದೆ.

ಸೂಗಮ್ಮ ಅದನ್ನು ಮುಟ್ಟಲಿಲ್ಲ.

"ಅದು ಎಷ್ಟು ತಿಕ್ಕಿದ್ರೂ ಬೆಳ್ಳಗ ಆಗಂಗಿಲ್ಲ ಬಿಡ್ರಿ, ಮೇಡಂ."

"ತಿಕ್ಕಿ ನೋಡದ ಹ್ಯಾಂಗ ಗೊತ್ತಾತ್ರಿ ಅಕ್ಕಾ?"

ಕೈ ನಿಂತಿತು.

"ನಕಲಿ ಅಂತ ಎಲ್ಲರಿಗೂ ಗೊತ್ತದ," ಎಂದೆ. "ಬೆಳ್ಳಿ ನಕಲಿನೋ ಜಸ್ತದ ನಕಲಿನೋ ಅಂತ ಇವತ್ತು ಮುಂಜಾನಿ ತನಕ ನನಗೇ ಗೊತ್ತಿದ್ದಿಲ್ಲ. ನಿಮಗ ಗೊತ್ತದ. ಮೋಮಿನಪುರದಾಗ ಅರ್ಧ ಡಜನ್ ಕೆಂಪು ಬಾಳಿಹಣ್ಣು ಕೊಟ್ಟು ಬಂದೋರಿಗಷ್ಟೇ ಗೊತ್ತದ."

ಸೂಗಮ್ಮ ಸಮೆಯನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು. ನಾನು ಅಳು ನಿರೀಕ್ಷಿಸಿದ್ದೆ. ಅವರ ಮುಖದಲ್ಲಿ ಕಂಡದ್ದು ಸಿಟ್ಟು. ನಲವತ್ತು ವರ್ಷ ಕೂಡಿಟ್ಟ ಸಿಟ್ಟು.

ಅವರು ಹೇಳಿದ್ದರಲ್ಲಿ ಅರ್ಧ ನನಗೆ ಹೇಳಿದ್ದು, ಅರ್ಧ ಗಂಡನಿಗೆ. ಮಾಯಾ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅವರ ಪಕ್ಕ ಗಂಡ ಇರಲಿಲ್ಲ. ಆ ನಾಣ್ಯ ತರಲು ಹೈದರಾಬಾದಿಗೆ ಹೋಗಿದ್ದರು. ಮೂರನೇ ದಿನ ಬಂದವರು ಕೂಸನ್ನು ನೋಡುವ ಮೊದಲು ಕಿಸೆಯಿಂದ ನಾಣ್ಯ ತೆಗೆದು ತೋರಿಸಿದರು. ಮಗಳಿಗೆ ಆ ರಾಣಿಯ ಹೆಸರೇ ಇಡೋಣ ಅಂದರು. ಅತ್ತೆ ಬೈದದ್ದಕ್ಕೆ ಮಾಯಾ ಎಂದಾಯಿತು. ಆಮೇಲೆ ದಿನಾ ಊಟವಾದ ಮೇಲೆ ಭೂತಗನ್ನಡಿ ಹಿಡಿದು ಆ ಬಿಲ್ಲೆಯನ್ನೇ ನೋಡುತ್ತಾ ಕೂಡುವುದು. ಹೆಂಡತಿ ಹೊಸ ಸೀರೆ ಉಟ್ಟರೆ ಕಾಣದು, ಹುಷಾರಿಲ್ಲದೆ ಮಲಗಿದರೆ ಕಾಣದು. ಆ ಬಿಲ್ಲೆಯ ಮೇಲೆ ಒಂದು ಗೀರು ಬಿದ್ದರೆ ಕಾಣುತ್ತದೆ.

ಹೋದ ದೀಪಾವಳಿಗೆ ಮನೆಯ ಬೆಳ್ಳಿಯನ್ನೆಲ್ಲ ತೊಳೆಯುವಾಗ ಡಬ್ಬಿ ಟೇಬಲ್ಲಿನ ಮೇಲಿತ್ತು. ಕಪ್ಪು ಹಿಡಿದ ಬೆಳ್ಳಿಯನ್ನು ಲಕ್ಷ್ಮಿಪೂಜೆಯ ದಿನ ಹಾಗೇ ಬಿಡುವುದುಂಟೇ? ಕೈ ತನ್ನಷ್ಟಕ್ಕೆ ತಾನು ಹೋಯಿತು. ಎರಡು ಸಾವಿರ ವರ್ಷದ ಕಪ್ಪು ಹುಣಸೆಹುಳಿಗೆ ಐದು ನಿಮಿಷದಲ್ಲಿ ಬಿಟ್ಟಿತು. ಹಳೇ ನಾಣ್ಯದ ಬೆಲೆಯೇ ಆ ಕಪ್ಪಿನಲ್ಲಿ ಇರುತ್ತದೆಂದು ಪ್ರೊಫೆಸರರು ನೂರು ಸಲ ಹೇಳಿದ್ದರು. ಆಗ ಹೆದರಿಕೆಯಾಗಿ ಮೋಮಿನಪುರಕ್ಕೆ ಓಡಿದರು. ಜಸ್ತದ್ದು ಡಬ್ಬಿಗೆ ಹೋಯಿತು, ಬೆಳ್ಳಿಯದು ಸೂಗಮ್ಮನ ಹತ್ತಿರ ಉಳಿಯಿತು. ಪ್ರೊಫೆಸರರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಗೊತ್ತಾಗಲಿಲ್ಲ. ಹೋದ ತಿಂಗಳು ಆಪರೇಷನ್ ಆಯಿತು, ಆಮೇಲೆ ಕಣ್ಣಿಗೆ ಶ್ರಮ ಬೇಡವೆಂದು ಡಾಕ್ಟರು ಭೂತಗನ್ನಡಿ ಮುಟ್ಟಗೊಟ್ಟಿರಲಿಲ್ಲ. ಸೋಮವಾರ ವೇದಿಕೆಯ ಮೇಲೆಯೇ ಅವರು ಹೊಸ ಕಣ್ಣಿನಿಂದ ಅದನ್ನು ಮೊದಲ ಸಲ ನೋಡಿದ್ದು.

"ಅವರು ಜಸ್ತದಾಕಿನ್ನ ನೋಡ್ಕೊಂತ ಕೂಡೋರು," ಎಂದರು ಸೂಗಮ್ಮ. "ಖರೇನಾಕಿ ನನ್ನ ಕೈಯಾಗ. ಸೋಮವಾರಕ್ಕೊಮ್ಮೆ ತಿಕ್ಕಿ ತೊಳೀತಿದ್ದೆ. ಆಕಿ ಮಾರಿ ನೋಡಿ ಹೇಳ್ತಿದ್ದೆ, ನೋಡು, ಈಗ ನೀ ನನ್ನ ಮನಿ ಸಾಮಾನು ಅಂತ. ಎಂಥಾ ಸಮಾಧಾನ ಇತ್ತು ಗೊತ್ತೇನು ತಂಗಿ?"

ಮೇಡಂ ಹೋಗಿ ತಂಗಿ ಆಗಿದ್ದೆ. ಆದರೆ ನನ್ನ ಕಿವಿ ಬೇರೊಂದು ಮಾತಿಗೆ ನಿಂತಿತ್ತು.

"ಯಾರ ಮಾರಿ, ಅಕ್ಕಾ?"

"ಆಕಿದೇ. ಗುಂಗುರು ಕೂದಲಾಕಿ. ಸಣ್ಣ ಬಾಯಿ, ನೆಟ್ಟನೆ ಮೂಗು. ಚಂದ ಅದಾಳ ಬಿಡು, ಇಲ್ಲ ಅನ್ನಂಗಿಲ್ಲ."

ನಗು ಬಂತು, ಹಲ್ಲು ಕಚ್ಚಿ ತಡೆದೆ. ಪುಸ್ತಕ ತೆರೆದು, ಚಿತ್ರದ ಕೆಳಗಿನ ಸಾಲನ್ನು ಬೆರಳಿಟ್ಟು ತೋರಿಸಿದೆ. ಆ ಗುಂಗುರು ಕೂದಲು, ಬೋಳು ಗದ್ದ ರೋಮಿನ ಚಕ್ರವರ್ತಿಯದು. ಗಂಡಸಿನದು. ನಲವತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದ ಪ್ರೊಫೆಸರರು ಹೆಂಡತಿಗೆ ಇಷ್ಟನ್ನೂ ಹೇಳಿರಲಿಲ್ಲ. ಸೂಗಮ್ಮನೂ ಕೇಳಿರಲಿಲ್ಲ. ಸವತಿಯ ವಿಚಾರ ಯಾರು ಕೇಳುತ್ತಾರೆ?

ಸೂಗಮ್ಮ ಆ ಸಾಲನ್ನು ಎರಡು ಸಲ ಓದಿದರು.

"ಹಂಗಾದ್ರ ಆಕಿ ಮಾರಿ ಎಲ್ಲದ?"

"ಇಲ್ಲರೀ. ಆಡಿನ ಸುತ್ತ ಬರದದ್ದು ಆಕಿ ಹೆಸರು. ಅಷ್ಟೇ. ರೋಮಿನವರ ಕೈಕೆಳಗಿನ ರಾಣಿ ಆಕಿ."

"ರಾಜ್ಯ ಆಕಿದು, ಮಾರಿ ಅವಂದು."

"ಹೌದ್ರಿ."

ಸೂಗಮ್ಮ ಪುಸ್ತಕ ಮುಚ್ಚಿದರು. ಆಮೇಲೆ ನಕ್ಕರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಈ ತೋಟ ನೋಡಿಕೊಂಡದ್ದು ತಾನು, ಬಾಳೆ ಹಚ್ಚಿಸಿದ್ದು, ಮಗಳನ್ನು ಓದಿಸಿದ್ದು ತಾನು, ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾತ್ರ ಪ್ರೊಫೆಸರ್ ಮಾಣಿಕಪ್ಪ ಎಂದರು. "ಪಾಪ, ಆಕಿನೂ ನನ್ನಂಗೇ" ಎಂದು ಮೂಗು ಒರೆಸಿಕೊಂಡರು.

ಗಂಟೆ ಮೂರಾಗಿತ್ತು. ಅಂಬರೀನಳ ವಿಷಯ ತೆಗೆದೆ. ಐದರೊಳಗೆ ನಾಣ್ಯ ಕಲಬುರಗಿ ಸೇರದಿದ್ದರೆ ಆ ಹುಡುಗಿಯ ಬಾಳು ಏನಾಗುತ್ತದೆಂದು ಬಿಡಿಸಿ ಹೇಳಿದೆ. ಸೂಗಮ್ಮನಿಗೆ ಅಂಬರೀನ್ ಮೇಲೆ ಪ್ರೀತಿಯೇನಿರಲಿಲ್ಲ. ಆದರೂ ಎದ್ದರು.

"ನಾ ಬಂದು ಹೇಳ್ತೀನಿ ತಂಗಿ. ಆ ಕೂಸಿನ ಪಾಪ ನನಗ ಬ್ಯಾಡ. ಅವರು ಬೈದ್ರ ಬೈಲಿ."

ನನ್ನನ್ನು ಕೈಕಾಲು ತೊಳೆಯಲು ಹೇಳಿ ದೇವರ ಕೋಣೆಗೆ ಕರೆದೊಯ್ದರು. ಪ್ರೊಫೆಸರರು ಅಲ್ಲಿ ಕಾಲಿಟ್ಟು ಮೂವತ್ತು ವರ್ಷವಾಗಿತ್ತಂತೆ, ಅದಕ್ಕೇ ಅಡಗಿಸಲು ಅದಕ್ಕಿಂತ ಒಳ್ಳೇ ಜಾಗ ಇರಲಿಲ್ಲ. ಜಗಲಿಯ ಮೂಲೆಯಲ್ಲಿ ವಿಭೂತಿ ಗಟ್ಟಿಗಳ ಹಿಂದೆ ತೀರಿಹೋದ ಅತ್ತೆಯ ಬೆಳ್ಳಿ ಕರಡಿಗೆ, ಲಿಂಗವಿಲ್ಲದ ಬರಿದು ಕರಡಿಗೆ, ಇತ್ತು. ಸೂಗಮ್ಮ ಅದರ ಮುಚ್ಚಳ ತಿರುಗಿಸಿದರು.

ಒಳಗೆ ಏನೂ ಇರಲಿಲ್ಲ.

ಅವರು ಕರಡಿಗೆಯನ್ನು ಬೋರಲು ಮಾಡಿ ಅಂಗೈಗೆ ತಟ್ಟಿದರು. ಸ್ವಲ್ಪ ವಿಭೂತಿ ಉದುರಿತು. ಸೋಮವಾರ ಮುಂಜಾನೆ ತೊಳೆದು ತಾನೇ ಇಟ್ಟದ್ದು ಎಂದು ಮತ್ತೆ ಮತ್ತೆ ಹೇಳಿದರು. ನಾನು ಲೆಕ್ಕ ಹಾಕಿದೆ. ಅಂಬರೀನ್ ಈ ಮನೆಗೆ ಕಡೆಯ ಸಲ ಬಂದದ್ದು ಶನಿವಾರ. ನಾಣ್ಯ ಸೋಮವಾರವೂ ಇಲ್ಲೇ ಇತ್ತು. ಹಾಗಾದರೆ ಆ ಹುಡುಗಿ ಉಳಿದಳು, ಸೂಗಮ್ಮ ಇಷ್ಟು ಮಾತು ಹೇಳಿದರೆ ಸಾಕು.

"ಸೋಮವಾರ ಆದಮ್ಯಾಲ ಈ ಕೋಣಿಗೆ ಯಾರು ಬಂದಿದ್ರು?"

"ಯಾರೂ ಇಲ್ಲ. ನಿನ್ನಿ ಮಾಯಾ ಬಂದಿದ್ಲು, ಅವರಪ್ಪನ ಬಟ್ಟಿ ಒಯ್ಯಾಕ. ನನಗ ಮೊಣಕಾಲು ನೋವಿತ್ತು, ಆಕಿನೇ ಜಳಕಾ ಮಾಡಿ ದೀಪ ಹಚ್ಚಿದ್ಲು."

ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು. ನನಗೆ ಟೀಪಾಯಿ ಮೇಲಿನ ಪುಸ್ತಕ ನೆನಪಾಯಿತು. ಅರ್ಪಣೆಯ ಹಾಳೆ ಕೊಯ್ದದ್ದು ಸವತಿಯ ಮೇಲಿನ ಸಿಟ್ಟಿಗಲ್ಲ. ಆ ಹಾಳೆಯಲ್ಲಿ ಸವತಿಯ ಹೆಸರೇ ಇರಲಿಲ್ಲ. ಇದ್ದದ್ದು ಇನ್ನೊಬ್ಬ ಮಗಳ ಹೆಸರು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮಾಯಾ. ಸ್ಪೀಕರಿಗೆ ಹಾಕಿದೆ.

ನಾಣ್ಯ ಸಿಕ್ಕಿತು, ನೀವಿನ್ನು ತ್ರಾಸು ತೆಗೆದುಕೊಳ್ಳಬೇಡಿ ಎಂದಳು. ಅಂಬರೀನ್ ಅಪ್ಪನನ್ನು ನೋಡಲು ಮನೆಗೆ ಬಂದಿದ್ದಳಂತೆ. ಕುರ್ಚಿಯ ಮೇಲಿಟ್ಟ ಅವಳ ಬ್ಯಾಗು ಕೆಳಗೆ ಬಿತ್ತಂತೆ. ಕಾಲೇಜಿನ ಇಬ್ಬರು ಮೇಷ್ಟ್ರು, ಪಕ್ಕದ ಮನೆಯವರು, ಎಲ್ಲರ ಎದುರಿಗೆ ನಾಣ್ಯ ಅದರಿಂದ ಉರುಳಿ ಅಪ್ಪನ ಮಂಚದ ಕಾಲಿಗೆ ಬಡಿದು ನಿಂತಿತಂತೆ. ಐದರ ತನಕ ಕಾಯುವುದಿಲ್ಲ, ಈಗಲೇ ಸ್ಟೇಷನ್ನಿಗೆ ಹೊರಟಿದ್ದೇವೆ ಎಂದಳು. ದನಿಯಲ್ಲಿ ಒಂದು ನಡುಕ ಇತ್ತು. ಅದು ಗೆದ್ದವರ ನಡುಕ. ನಾನು ಆ ನಡುಕಕ್ಕಾಗಿ ಮೂವತ್ತೆರಡು ವರ್ಷ ಕಾದವಳು, ನನಗೆ ತಿಳಿಯುತ್ತದೆ.

ಫೋನಿಟ್ಟ ಮೇಲೆ ಫೋಟೋ ಬಂತು. ಮಾಯಾಳ ಅಂಗೈಯಲ್ಲಿ ರಾಣಿಯ ನಾಣ್ಯ, ನಿನ್ನೆ ಮೊನ್ನೆ ಟಂಕಿಸಿದ ಹಾಗೆ ಬೆಳ್ಳಗೆ. ದೊಡ್ಡದು ಮಾಡಿ ನೋಡಿದೆ. ಆಡಿನ ಕೊಂಬಿನ ಸಂದಿನಲ್ಲಿ, ಹೆಸರಿನ ಅಕ್ಷರಗಳ ಸಂದಿನಲ್ಲಿ ಬಿಳಿ ಪುಡಿ ಕೂತಿತ್ತು.

ಫೋನನ್ನು ಸೂಗಮ್ಮನ ಮುಂದೆ ಹಿಡಿದೆ. ಅವರು ಚಿತ್ರವನ್ನು ನೋಡಿದರು, ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು. ತಾಯಿಗೆ ಬಿಡಿಸಿ ಹೇಳಬೇಕಾದದ್ದು ಏನೂ ಇರಲಿಲ್ಲ.

"ನಡೀರಿ ಅಕ್ಕಾ," ಎಂದೆ. "ಮಂಜೂರ್ ಭಾಯಿ ಮಾತು ಯಾರೂ ಕೇಳಂಗಿಲ್ಲ. ಸೋಮವಾರ ನಾಣ್ಯ ಈ ಕರಡಿಗ್ಯಾಗ ಇತ್ತು ಅಂತ ಹೇಳಾಕ ಲೋಕದಾಗ ನೀವೊಬ್ರೇ ಇದ್ದೀರಿ."

ಸೂಗಮ್ಮ ಕರಡಿಗೆಯ ಮುಚ್ಚಳ ಹಾಕಿ, ಅದನ್ನು ಮೊದಲಿದ್ದ ಜಾಗದಲ್ಲೇ ವಿಭೂತಿ ಗಟ್ಟಿಗಳ ಹಿಂದೆ ಇಟ್ಟರು. ದೀಪದ ಬತ್ತಿ ಸರಿಮಾಡಿದರು. ಕೈಗೆ ಹತ್ತಿದ್ದ ವಿಭೂತಿಯನ್ನು ಸೆರಗಿಗೆ ಒರೆಸಿ, ಇನ್ನೊಮ್ಮೆ ಒರೆಸಿದರು. ಅಡುಗೆಮನೆಗೆ ಹೋಗಿ ಬಂದಾಗ ಕೈಯಲ್ಲಿ ಅರ್ಧ ಡಜನ್ ಕೆಂಪು ಬಾಳೆಹಣ್ಣು ಇದ್ದವು. ನನ್ನ ಚೀಲ ತಾವೇ ತೆರೆದು ಒಳಗಿಟ್ಟರು.

"ಯಾವ ನಾಣ್ಯ, ಮೇಡಂ?" ಎಂದರು. "ನಾ ಯಾವ ನಾಣ್ಯಾನೂ ತೊಳದಿಲ್ಲ."